ನಾಲ್ಕು ಮಾಡ್ಯೂಲ್ ಸಾಕು

ಮಾಡ್ಯುಲರ್ ಸಿಂಥಸೈಜರ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಗೋಡೆ ತುಂಬಾ ಡಬ್ಬಗಳು, ನೂರಾರು ನಾಬ್‌ಗಳು, ಬಣ್ಣಬಣ್ಣದ ವೈರುಗಳ ಜೊಂಪೆ, ಅದರ ಮುಂದೆ ಕಣ್ಣು ಮುಚ್ಚಿ ತಲೆ ಆಡಿಸ್ತಾ ಕೂತಿರೋ ಒಬ್ಬ ಗಡ್ಡದ ಮನುಷ್ಯ. "ದುಡ್ಡಿರೋರ ಆಟ ಮಗಾ ಇದು" ಅಂತ ಹೇಳಿ ಮುಂದಿನ ರೀಲ್‌ಗೆ ಹೋಗಿಬಿಡ್ತೀವಿ.

ಆ ಚಿತ್ರಾನೇ ತಪ್ಪು ಅನ್ನೋದು ನನ್ನ ವಾದ. ನಾಲ್ಕೇ ನಾಲ್ಕು ಮಾಡ್ಯೂಲ್ ಇದ್ದರೂ ಒಂದು ವರ್ಷ ಆಡಿ ಮುಗಿಸಲಾಗದಷ್ಟು ಶಬ್ದಗಳನ್ನ ಹುಟ್ಟಿಸಬಹುದು. ಮತ್ತೆ ಇದನ್ನ ಮೊದಲು ಕಲಿಯಬೇಕಾದವರು ಮ್ಯೂಸಿಕ್ ಕ್ಲಬ್‌ನವರಿಗಿಂತ ಹೆಚ್ಚಾಗಿ ನಾವು, ಅಂದರೆ ಸೈನ್ ವೇವ್ ಬರೆದು ಬರೆದು ರೆಕಾರ್ಡ್ ಬುಕ್ ತುಂಬಿಸೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು.

ಮೊದಲು ಮಾಡ್ಯೂಲ್ ಅಂದರೆ ಏನು ಅಂತ ನೋಡೋಣ. ಮಾಮೂಲಿ ಕೀಬೋರ್ಡ್‌ನಲ್ಲಿ ಶಬ್ದ ಹುಟ್ಟೋ ದಾರಿಯನ್ನ ಕಂಪನಿಯವರೇ ಒಳಗೆ ಬೆಸುಗೆ ಹಾಕಿ ಕೊಟ್ಟಿರ್ತಾರೆ. ಆಸಿಲೇಟರ್‌ನಿಂದ ಫಿಲ್ಟರ್‌ಗೆ, ಫಿಲ್ಟರ್‌ನಿಂದ ಆಂಪ್ಲಿಫೈಯರ್‌ಗೆ, ಅಲ್ಲಿಂದ ಸ್ಪೀಕರ್‌ಗೆ. ಮಾಡ್ಯುಲರ್‌ನಲ್ಲಿ ಈ ಬೆಸುಗೆ ಇಲ್ಲ. ಪ್ರತಿ ಕೆಲಸಕ್ಕೂ ಒಂದೊಂದು ಡಬ್ಬ, ಪ್ರತಿ ಡಬ್ಬಕ್ಕೂ ಇನ್‌ಪುಟ್, ಔಟ್‌ಪುಟ್ ಜ್ಯಾಕ್‌ಗಳು. ಯಾವುದನ್ನ ಯಾವುದಕ್ಕೆ ಸೇರಿಸಬೇಕು ಅನ್ನೋದು ನಮಗೆ ಬಿಟ್ಟಿದ್ದು. ಹಾಗೆ ಕೇಬಲ್ ಹಾಕಿ ಕಟ್ಟಿದ ಜೋಡಣೆಗೇ ಪ್ಯಾಚ್ ಅಂತಾರೆ.

ಇದರ ಹಿಂದಿನ ಮುಖ್ಯ ಉಪಾಯ ವೋಲ್ಟೇಜ್ ಕಂಟ್ರೋಲ್. 1964ರ ಹೊತ್ತಿಗೆ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ಸಂಯೋಜಕ ಹರ್ಬರ್ಟ್ ಡಾಯ್ಚ್ ಸೇರಿ ಒಂದು ಕಡೆ, ಡಾನ್ ಬುಕ್ಲಾ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕಡೆ, ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಈ ದಾರಿ ಹಿಡಿದರು. ನಾಬ್ ಅನ್ನ ಕೈಯಲ್ಲಿ ತಿರುಗಿಸೋ ಬದಲು ಒಂದು ವೋಲ್ಟೇಜ್ ಕೊಟ್ಟರೆ ಅದೇ ನಾಬ್ ತಿರುಗಿದ ಹಾಗೆ ಆಗಬೇಕು, ಅಷ್ಟೇ. ಮೂಗ್ ಪದ್ಧತಿಯಲ್ಲಿ ಆಸಿಲೇಟರ್‌ಗೆ 1 ವೋಲ್ಟ್ ಹೆಚ್ಚು ಕೊಟ್ಟರೆ ಶ್ರುತಿ ಒಂದು ಆಕ್ಟೇವ್ ಮೇಲೆ ಹೋಗುತ್ತೆ. 220 ಹರ್ಟ್ಜ್ ಇದ್ದದ್ದು 440 ಆಗುತ್ತೆ, ಇನ್ನೊಂದು ವೋಲ್ಟ್ ಕೊಟ್ಟರೆ 880. ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ಮಧ್ಯದಲ್ಲಿ ಶುರು ಮಾಡಿದ ಯೂರೋರ್‍ಯಾಕ್ ಅನ್ನೋ ಅಳತೆ ಇವತ್ತು ಹೆಚ್ಚು ಚಲಾವಣೆಯಲ್ಲಿದೆ. 12 ವೋಲ್ಟ್ ಪ್ಲಸ್, 12 ವೋಲ್ಟ್ ಮೈನಸ್ ಸಪ್ಲೈ, ನಮ್ಮ ಹಳೇ ಇಯರ್‌ಫೋನಿನ 3.5 ಮಿಲಿಮೀಟರ್ ಪಿನ್ ಹೋಗೋ ಜ್ಯಾಕ್.

ಇಲ್ಲೇ ಒಂದು ಮಜಾ ಇದೆ. ಶಬ್ದ ಅನ್ನೋದೂ ವೋಲ್ಟೇಜ್, ಶಬ್ದವನ್ನ ಕಂಟ್ರೋಲ್ ಮಾಡೋದೂ ವೋಲ್ಟೇಜ್. ಎರಡರ ನಡುವೆ ಜಾತಿಭೇದ ಇಲ್ಲ. ಸೆಕೆಂಡಿಗೆ 5 ಸಲ ಏರಿ ಇಳಿದರೆ ಅದು ಕಂಟ್ರೋಲ್, 500 ಸಲ ಏರಿ ಇಳಿದರೆ ಅದು ಶಬ್ದ. ಕೇಬಲ್‌ಗೆ ಅದು ಯಾವುದೂ ಗೊತ್ತಿಲ್ಲ. ಎಲ್ಲಿಗೆ ಚುಚ್ಚುತ್ತೀವೋ ಅಲ್ಲಿ ಅದರ ಕೆಲಸ ನಿರ್ಧಾರ ಆಗುತ್ತೆ. ಅದೇ ಹಿಟ್ಟನ್ನ ತಟ್ಟೆಗೆ ಹಾಕಿದರೆ ಇಡ್ಲಿ, ಕಾವಲಿಗೆ ಹಾಕಿದರೆ ದೋಸೆ, ಗುಳಿಗೆ ಹಾಕಿದರೆ ಪಡ್ಡು. ಹಿಟ್ಟು ಬೇರೆ ಬೇರೆ ತರಬೇಕಾಗಿಲ್ಲ.

ಈಗ ನಾಲ್ಕು ಮಾಡ್ಯೂಲ್ ತಗೊಳ್ಳೋಣ. ಒಂದು ಆಸಿಲೇಟರ್, ಒಂದು ಫಿಲ್ಟರ್, ಒಂದು ವಿಸಿಎ, ಒಂದು ಸ್ಲೋಪ್ ಜನರೇಟರ್. ವಿಸಿಎ ಅಂದರೆ ವೋಲ್ಟೇಜ್ ಹೇಳಿದಷ್ಟು ಜೋರು ಮಾಡೋ ಆಂಪ್ಲಿಫೈಯರ್. ಸ್ಲೋಪ್ ಜನರೇಟರ್ ಅಂದರೆ ಒಂದು ವೋಲ್ಟೇಜ್ ಎಷ್ಟು ಹೊತ್ತಲ್ಲಿ ಏರಬೇಕು, ಎಷ್ಟು ಹೊತ್ತಲ್ಲಿ ಇಳಿಯಬೇಕು ಅಂತ ಹೇಳಿಸಿಕೊಂಡು ಹಾಗೇ ಮಾಡೋದು. ಸರ್ಜ್ ಚೆರೆಪ್ನಿನ್ ಅನ್ನೋರು 1970ರ ದಶಕದಲ್ಲಿ ಮಾಡಿದ ಡ್ಯುಯಲ್ ಯೂನಿವರ್ಸಲ್ ಸ್ಲೋಪ್ ಜನರೇಟರ್ ಇದರ ತಾತ. ಅದರ ಮೊಮ್ಮಗನಂತೆ ಈಗ ಮೇಕ್ ನಾಯ್ಸ್ ಕಂಪನಿಯ ಮ್ಯಾಥ್ಸ್ ಅನ್ನೋ ಮಾಡ್ಯೂಲ್ ಇದೆ. ಹೌದು, ಹೆಸರೇ ಮ್ಯಾಥ್ಸ್. ಎಂ-3 ಪಾಸಾಗದವರೂ ಧೈರ್ಯವಾಗಿ ಮುಟ್ಟಬಹುದು.

ಈ ಸ್ಲೋಪ್ ಜನರೇಟರ್ ಒಂದನ್ನೇ ನೋಡಿ. ಒಂದು ಟ್ರಿಗರ್ ಕೊಟ್ಟರೆ ಒಂದು ಸಲ ಏರಿ ಇಳಿದು ಸುಮ್ಮನಾಗುತ್ತೆ. ಅದನ್ನ ವಿಸಿಎಗೆ ಕೊಟ್ಟರೆ ಸ್ವರಕ್ಕೆ ಆದಿ ಅಂತ್ಯ ಸಿಗುತ್ತೆ. ಅದು ಇಳಿದು ಮುಗಿದ ಕೂಡಲೇ ಬರೋ ಎಂಡ್ ಆಫ್ ಸೈಕಲ್ ಸಿಗ್ನಲನ್ನ ಅದರದ್ದೇ ಟ್ರಿಗರ್‌ಗೆ ವಾಪಸ್ ಚುಚ್ಚಿದರೆ ತನ್ನನ್ನ ತಾನೇ ಎಬ್ಬಿಸಿಕೊಂಡು ಸುತ್ತುತ್ತಾ ಇರುತ್ತೆ, ಅಲ್ಲಿಗೆ ಅದು ಎಲ್‌ಎಫ್‌ಒ. ಏರೋ ಇಳಿಯೋ ಸಮಯ ತುಂಬಾ ಕಮ್ಮಿ ಮಾಡಿದರೆ ಅದೇ ಒಂದು ಆಸಿಲೇಟರ್ ಆಗಿ ಕಿವಿಗೆ ಕೇಳಿಸುತ್ತೆ. ಒಳಗೆ ಬೇರೆ ವೋಲ್ಟೇಜ್ ಕೊಟ್ಟರೆ ಅದರ ಚೂಪು ಮೆಟ್ಟಿಲುಗಳನ್ನ ಸವೆಸಿ ಇಳಿಜಾರು ಮಾಡಿಕೊಡುತ್ತೆ. ಒಂದು ಡಬ್ಬ, ನಾಲ್ಕು ಅವತಾರ. ಬದಲಾಗಿದ್ದು ಕೇಬಲ್ ಮತ್ತು ನಾಬ್ ಮಾತ್ರ.

ಲೆಕ್ಕ ಬೇಕಾ? ನಾಲ್ಕು ಮಾಡ್ಯೂಲ್‌ಗೂ ತಲಾ 4 ಇನ್‌ಪುಟ್, 4 ಔಟ್‌ಪುಟ್ ಇದೆ ಅಂದುಕೊಳ್ಳಿ. ಒಟ್ಟು 16 ಇನ್‌ಪುಟ್. ಪ್ರತಿ ಇನ್‌ಪುಟ್‌ಗೂ 17 ಆಯ್ಕೆ: 16 ಔಟ್‌ಪುಟ್‌ಗಳಲ್ಲಿ ಒಂದು, ಇಲ್ಲಾ ಖಾಲಿ. ಅಂದರೆ 17ರ ಘಾತ 16. ಉತ್ತರ 20 ಅಂಕಿಗಳ ಸಂಖ್ಯೆ. ಅದರಲ್ಲಿ ಮುಕ್ಕಾಲು ಪಾಲು ಸದ್ದೇ ಬರದ ಅಥವಾ ಕಿರ್ರೋ ಅನ್ನೋ ಜೋಡಣೆಗಳೇ ಇರಲಿ ಬಿಡಿ, ಉಳಿದದ್ದನ್ನೂ ಈ ಜನ್ಮದಲ್ಲಿ ಯಾರೂ ಕೇಳಿ ಮುಗಿಸೋಕಾಗಲ್ಲ. ಇಷ್ಟಿರುವಾಗ ಐದನೇ ಮಾಡ್ಯೂಲ್ ಯಾಕೆ ಬೇಕು ಅಂತ ನನ್ನ ಪ್ರಶ್ನೆ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ನೆಟ್‌ವರ್ಕ್ಸ್ ಪೇಪರ್‌ನಲ್ಲಿ ಅಂಡರ್‌ಡ್ಯಾಂಪ್ಡ್ ರೆಸ್ಪಾನ್ಸ್ ಅಂತ ಒಂದು ಗ್ರಾಫ್ ಎಲ್ಲರೂ ಬರೆದಿರ್ತೀವಿ. ಸ್ಟೆಪ್ ಕೊಟ್ಟಾಗ ಅಲೆಯಲೆಯಾಗಿ ಕುಣಿದು ನಿಧಾನಕ್ಕೆ ಸುಮ್ಮನಾಗೋ ಗೆರೆ. ಝೀಟಾ 1ಕ್ಕಿಂತ ಕಮ್ಮಿ, 8 ಮಾರ್ಕ್ಸ್, ಮುಗೀತು. ಆ ಗೆರೆ ಹೇಗೆ ಕೇಳಿಸುತ್ತೆ ಅಂತ ಯಾರಾದರೂ ನಮಗೆ ಹೇಳಿದಾರಾ? ಫಿಲ್ಟರಿನ ರೆಸೊನೆನ್ಸ್ ನಾಬ್ ಅನ್ನ ಅದು ತಾನಾಗೇ ಕೂಗೋಕೆ ಶುರು ಮಾಡೋ ಜಾಗದ ತನಕ ತಿರುಗಿಸಿ, ಸ್ವಲ್ಪ ಹಿಂದಕ್ಕೆ ತನ್ನಿ. ಅದರ ಇನ್‌ಪುಟ್‌ಗೆ ಶಬ್ದದ ಬದಲು ಒಂದು ಚಿಕ್ಕ ಟ್ರಿಗರ್ ಕೊಡಿ. ಟಣ್ ಅಂತ ಒಂದು ಸದ್ದು ಬರುತ್ತೆ, ಜಲತರಂಗದ ಬಟ್ಟಲಿಗೆ ಕಡ್ಡಿ ತಾಗಿದ ಹಾಗೆ. ಇದನ್ನ ಪಿಂಗ್ ಮಾಡೋದು ಅಂತಾರೆ. ಇಲ್ಲಿ ಆಸಿಲೇಟರ್ ಇಲ್ಲವೇ ಇಲ್ಲ. ಕೇಳಿದ್ದು ಆ ಗ್ರಾಫನ್ನೇ.

ರೆಸೊನೆನ್ಸ್ ಇನ್ನೂ ಕಮ್ಮಿ ಮಾಡಿ, ಅಂದರೆ ಡ್ಯಾಂಪಿಂಗ್ ಜಾಸ್ತಿ ಮಾಡಿ. ಬಟ್ಟಲು ಹೋಗಿ ಮರದ ಹಲಗೆ ಬಡಿದ ಸದ್ದಾಗುತ್ತೆ. ಫಿಲ್ಟರಿನ ಕಟ್‌ಆಫ್ ಕೆಳಗಿಳಿಸಿ, ಸ್ಲೋಪ್ ಜನರೇಟರ್‌ನ ಇಳಿಯೋ ವೋಲ್ಟೇಜನ್ನ ಆ ಕಟ್‌ಆಫ್‌ಗೆ ಕೊಡಿ. ಹೊಡೆದ ತಕ್ಷಣ ಶ್ರುತಿ ಮೇಲಿಂದ ಕೆಳಗೆ ಜಾರುತ್ತೆ, ಡೊಳ್ಳಿನ ದೂರದ ನೆಂಟ ಅನ್ನಬಹುದಾದ ಗುಮ್ ಸಿಗುತ್ತೆ. ಇಷ್ಟಾದ ಮೇಲೆ ಡ್ಯಾಂಪಿಂಗ್ ರೇಷಿಯೋ ಅಂದರೆ ಏನು ಅಂತ ವೈವಾದಲ್ಲಿ ಕೇಳಲಿ, ನೋಡೋಣ. ಗಾಜಿನಿಂದ ಮರಕ್ಕೆ ಹೋಗೋ ದಾರಿ ಸಾರ್ ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಉದಾಹರಣೆ. ಆಸಿಲೇಟರ್‌ನ ಶ್ರುತಿಗೆ 5 ಹರ್ಟ್ಜ್‌ನ ಸ್ಲೋಪ್ ಕೊಟ್ಟರೆ ಸ್ವರ ನಡುಗುತ್ತೆ, ವೈಬ್ರಾಟೊ. ಆ 5 ಅನ್ನ ಮೆಲ್ಲಗೆ 10, 20, 30 ಮಾಡ್ತಾ ಹೋಗಿ. ಒಂದು ಹಂತದಲ್ಲಿ ನಡುಗೋದು ಕೇಳಿಸೋದೇ ನಿಂತುಹೋಗಿ, ಸ್ವರದ ಬಣ್ಣವೇ ಬದಲಾಗಿಬಿಡುತ್ತೆ. 400 ಹರ್ಟ್ಜ್‌ನ ಸ್ವರವನ್ನ 100 ಹರ್ಟ್ಜ್‌ನಲ್ಲಿ ನಡುಗಿಸಿದರೆ 300, 500, 200, 600 ಹೀಗೆ ಅಕ್ಕಪಕ್ಕ ಹೊಸ ಫ್ರೀಕ್ವೆನ್ಸಿಗಳು ಹುಟ್ಟುತ್ತವೆ. ನಾವು ಕಮ್ಯುನಿಕೇಶನ್ ಪೇಪರ್‌ನಲ್ಲಿ ಸೈಡ್‌ಬ್ಯಾಂಡ್ ಅಂತ ಓದೋದು ಇದನ್ನೇ. ಜಾನ್ ಚೌನಿಂಗ್ 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರ್ ಮೇಲೆ ವೈಬ್ರಾಟೊವನ್ನ ಹೀಗೇ ಅತಿಯಾಗಿ ಜಾಸ್ತಿ ಮಾಡ್ತಾ ಹೋದಾಗ ಎಫ್‌ಎಂ ಸಿಂಥಸಿಸ್ ಸಿಕ್ಕಿತು. 1983ರಲ್ಲಿ ಯಮಹಾ ಡಿಎಕ್ಸ್-7 ಆಗಿ ಅದು ಬಂದ ಮೇಲೆ ಆ ದಶಕದ ಹಾಡುಗಳ ಸದ್ದೇ ಬೇರೆಯಾಯಿತು. ಎಫ್‌ಎಂನ ಗಣಿತ ರೇಡಿಯೋದವರಿಗೆ ಮೊದಲೇ ಗೊತ್ತಿತ್ತು. ಅದನ್ನ ಕಿವಿಗೆ ಹಿಡಿದಿದ್ದು ಚೌನಿಂಗ್ ಮಾಡಿದ ಕೆಲಸ.

ಇದೇ ನನಗೆ ಬೇಜಾರಿನ ವಿಷಯ. ನಮ್ಮ ಲ್ಯಾಬಿನಲ್ಲಿ ಫಂಕ್ಷನ್ ಜನರೇಟರ್ ಇದೆ. ಅದು ಆಸಿಲೇಟರ್. ಫಿಲ್ಟರ್ ಸರ್ಕ್ಯೂಟ್ ಕಟ್ಟುತ್ತೀವಿ. ಆಪ್-ಆಂಪ್‌ನಲ್ಲಿ ಇಂಟಿಗ್ರೇಟರ್ ಕಟ್ಟುತ್ತೀವಿ, ಸ್ಲೋಪ್ ಜನರೇಟರ್‌ಗೆ ಬೇಕಾದ ಮುಖ್ಯ ಭಾಗ ಅದೇ. ಅಂದರೆ ಪ್ರತಿ ಬೆಂಚಿನ ಮೇಲೂ ಅರ್ಧ ಮಾಡ್ಯುಲರ್ ಸಿಂಥ್ ಆಗಲೇ ಇದೆ. ಆದರೆ ಎಲ್ಲದರ ಔಟ್‌ಪುಟ್ ಹೋಗೋದು ಸಿಆರ್‌ಒ ಪರದೆಗೆ. ನೋಡಿ, ಗ್ರಾಫ್ ಶೀಟ್‌ಗೆ ಇಳಿಸಿ, ಸಹಿ ಹಾಕಿಸಿಕೊಂಡು, ಬಿಚ್ಚಿ ಟ್ರೇಗೆ ಹಾಕಿ ಹೊರಡ್ತೀವಿ. ಎರಡು ಬೆಂಚಿನ ಸರ್ಕ್ಯೂಟ್‌ಗಳನ್ನ ಒಂದಕ್ಕೊಂದು ಸೇರಿಸಿದ್ದನ್ನ ನಾನು ಇದುವರೆಗೆ ನೋಡಿಲ್ಲ. ಯಾಕೆಂದರೆ ಮ್ಯಾನುಯಲ್‌ನಲ್ಲಿ ಎಕ್ಸ್‌ಪೆರಿಮೆಂಟ್ 4 ಮತ್ತು ಎಕ್ಸ್‌ಪೆರಿಮೆಂಟ್ 7 ಒಂದನ್ನೊಂದು ಭೇಟಿ ಆಗೋದೇ ಇಲ್ಲ.

ಜೋಡಿಸೋದು ಕಲಿಯದೆ ಬಿಡಿಭಾಗ ಕಲಿಯೋ ಈ ಅಭ್ಯಾಸ ಶಬ್ದಕ್ಕೆ ಮಾತ್ರ ಸಂಬಂಧಪಟ್ಟಿದ್ದಲ್ಲ. ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆದಾಗ ಏನಾಗುತ್ತೆ ಅನ್ನೋದೇ ಸಿಸ್ಟಮ್ ಅಂದರೆ. ಫೀಡ್‌ಬ್ಯಾಕ್ ಅನ್ನೋ ಪದವನ್ನ ನಾವು ಗೂಗಲ್ ಫಾರ್ಮ್‌ಗೇ ಜಾಸ್ತಿ ಬಳಸ್ತೀವಿ. ಒಂದು ಸಲ ಫಿಲ್ಟರ್‌ನ ಔಟ್‌ಪುಟ್ಟನ್ನ ಅದರ ಕಟ್‌ಆಫ್‌ಗೇ ವಾಪಸ್ ಕೊಟ್ಟು ಕೇಳಿ. ಸ್ವಲ್ಪ ಕೊಟ್ಟರೆ ಗಂಟಲು ಕಟ್ಟಿದ ಹಾಗೆ, ಜಾಸ್ತಿ ಕೊಟ್ಟರೆ ಹರಿದುಹೋದ ಹಾಗೆ. ಸ್ಥಿರ, ಅಸ್ಥಿರ ಅನ್ನೋ ಗಡಿ ಎಲ್ಲಿದೆ ಅಂತ ಬೆರಳಿಗೇ ಗೊತ್ತಾಗುತ್ತೆ.

"ಸರಿ, ಆದ್ರೆ ದುಡ್ಡು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಯೂರೋರ್‍ಯಾಕ್‌ನ ಒಂದು ಒಳ್ಳೆ ಮಾಡ್ಯೂಲ್ ತರಿಸೋಕೆ ಹತ್ತು ಇಪ್ಪತ್ತು ಸಾವಿರ ಸುಲಭವಾಗಿ ಹೋಗುತ್ತೆ. ಅದು ನಮ್ಮ ಮಾತಲ್ಲ ಬಿಡಿ. ವಿಸಿವಿ ರ್‍ಯಾಕ್ ಅಂತ ಒಂದು ಸಾಫ್ಟ್‌ವೇರ್ ಇದೆ, 2017ರಲ್ಲಿ ಬಂದದ್ದು. ಅದರ ಉಚಿತ ಆವೃತ್ತಿ ಓಪನ್ ಸೋರ್ಸ್. ಆಸಿಲೇಟರ್, ಫಿಲ್ಟರ್, ವಿಸಿಎ ಅದರ ಜೊತೆಗೇ ಬರುತ್ತವೆ. ಬೆಫಾಕೊ ಅನ್ನೋರ ರ್‍ಯಾಂಪೇಜ್ ಅನ್ನೋ ಸ್ಲೋಪ್ ಜನರೇಟರ್ ಕೂಡ ಲೈಬ್ರರಿಯಲ್ಲಿ ಫ್ರೀ. ಪರದೆ ಮೇಲೆ ಕೇಬಲ್ ಎಳೆದು ಜೋಡಿಸಿದರೆ ಆಯ್ತು, ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಆದರೆ ಅಲ್ಲಿ ಇನ್ನೊಂದು ಗುಂಡಿ ಇದೆ. ಲೈಬ್ರರಿಯಲ್ಲಿ ಸಾವಿರಾರು ಮಾಡ್ಯೂಲ್ ಇವೆ. ಮೊದಲ ದಿನವೇ ಐವತ್ತು ಇಳಿಸಿಕೊಂಡು, ಯಾವುದೂ ಅರ್ಥ ಆಗದೆ, ಒಂದು ವಾರಕ್ಕೆ ಅನ್‌ಇನ್‌ಸ್ಟಾಲ್ ಮಾಡೋದು ನಮ್ಮ ಹಾಸ್ಟೆಲ್‌ನಲ್ಲಿ ಆಗಲೇ ನಡೆದಿದೆ. ಅದಕ್ಕೇ ನಾನು ನಾಲ್ಕು ಅಂತ ಹಟ ಹಿಡಿದಿರೋದು. ಒಂದು ತಿಂಗಳು ಐದನೆಯದನ್ನ ಸೇರಿಸಬೇಡಿ. ಬೇಕಾದ ಸದ್ದು ಬರಲಿಲ್ಲ ಅಂದರೆ ಡಬ್ಬ ಸೇರಿಸೋ ಮೊದಲು ಕೇಬಲ್ ಬದಲಾಯಿಸಿ.

ಕೈಯಲ್ಲೇ ಕಟ್ಟಬೇಕು ಅನ್ನೋರಿಗೆ ಎಸ್‌ಪಿ ರೋಡ್ ಇದೆ. ಸಿಡಿ 40106 ಅಂತ ಒಂದು ಐಸಿ, ಒಳಗೆ 6 ಶ್ಮಿಟ್ ಟ್ರಿಗರ್ ಇನ್ವರ್ಟರ್. ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರೆ ಅದೊಂದು ಸ್ಕ್ವೇರ್ ವೇವ್ ಆಸಿಲೇಟರ್. ಅಂದರೆ ಒಂದು ಚಿಪ್, ಒಂದು 9 ವೋಲ್ಟ್ ಬ್ಯಾಟರಿ, 6 ಆಸಿಲೇಟರ್. ರೆಸಿಸ್ಟರ್ ಜಾಗದಲ್ಲಿ ಎಲ್‌ಡಿಆರ್ ಹಾಕಿದರೆ ಕೈ ನೆರಳಿನಲ್ಲಿ ನುಡಿಸಬಹುದು. ಎರಡು ಆಸಿಲೇಟರ್‌ಗಳನ್ನ ಒಂದು ಎಕ್ಸ್-ಆರ್ ಗೇಟಿಗೆ ಕೊಡಿ, ರಿಂಗ್ ಮಾಡ್ಯುಲೇಟರ್ ತಯಾರು. ಯಾಕೆ ಅಂತ ಒಂದು ನಿಮಿಷ ಯೋಚಿಸಿ: ಪ್ಲಸ್ ಒಂದು, ಮೈನಸ್ ಒಂದುಗಳನ್ನ ಗುಣಿಸೋದೂ ಎಕ್ಸ್-ಆರ್‌ನ ಟ್ರೂತ್ ಟೇಬಲ್ಲೂ, ಚಿಹ್ನೆ ಬಿಟ್ಟರೆ ಒಂದೇ. ಮೂರನೇ ಸೆಮ್‌ನ ಲಾಜಿಕ್ ಡಿಸೈನ್‌ಗೂ ಗಂಟೆಯ ನಾದಕ್ಕೂ ಸಂಬಂಧ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ ಅಷ್ಟೇ.

ಇನ್ನೊಂದು ಆಕ್ಷೇಪ ನಮ್ಮ ಕ್ಲಬ್‌ನೊಳಗಿಂದಲೇ ಬಂದದ್ದು. "ಇದೆಲ್ಲ ವೆಸ್ಟರ್ನ್ ಅಲ್ವಾ, ಕನ್ನಡ ಸಂಘದ ಪತ್ರಿಕೆಗೆ ಯಾಕೆ?" ಅಂತ. ಹುಟ್ಟಿದ್ದು ಅಲ್ಲಿ, ನಿಜ. ಆದರೆ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ, ಡೇವಿಡ್ ಟ್ಯೂಡರ್ ಅನ್ನೋ ಸಂಗೀತಗಾರ ಒಂದು ಮೂಗ್ ಮಾಡ್ಯುಲರ್ ತಂದು ಸ್ಟುಡಿಯೋ ಕಟ್ಟಿಕೊಟ್ಟರು. 1972ರ ತನಕ ಅಲ್ಲಿ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅದನ್ನ ಬಳಸಿ ಸಂಗೀತ ಮಾಡಿದರು. ಆ ಟೇಪುಗಳು ಎಷ್ಟೋ ವರ್ಷ ಆರ್ಕೈವ್‌ನಲ್ಲೇ ಮಲಗಿದ್ದು, ಪಾಲ್ ಪರ್ಗಸ್ ಹುಡುಕಿ ತೆಗೆದ ಮೇಲೆ 2023ರಲ್ಲಿ ಆಲ್ಬಂ ಆಗಿ ಹೊರಬಂದವು. ಗಮನಿಸಿ, ಅದು ಸಂಗೀತ ಶಾಲೆ ಅಲ್ಲ, ವಿನ್ಯಾಸದ ಕಾಲೇಜು. ನಮ್ಮ ತರದ್ದೇ ಒಂದು ಕ್ಯಾಂಪಸ್.

ಇನ್ನೂ ಹತ್ತಿರದ ಮಾತು ಹೇಳ್ತೀನಿ. ಬುಕ್ಲಾ ತನ್ನ ಸಿಂಥ್‌ಗೆ ಪಿಯಾನೋ ಕೀಬೋರ್ಡ್ ಹಾಕಲಿಲ್ಲ. ಕಪ್ಪು ಬಿಳಿ ಮನೆ ಕಂಡರೆ ಕೈ ಹಳೇ ಸಂಗೀತಕ್ಕೇ ಓಡುತ್ತೆ ಅನ್ನೋದು ಅವರ ಯೋಚನೆ. ಇದು ನಮಗೆ ಇನ್ನೂ ಜಾಸ್ತಿ ಅನ್ವಯಿಸುತ್ತೆ. ಕರ್ನಾಟಕ ಸಂಗೀತದಲ್ಲಿ ಸ್ವರ ಒಂದು ಮನೆಯಲ್ಲಿ ಕೂರೋದಿಲ್ಲ, ಗಮಕದಲ್ಲಿ ಒಂದರಿಂದ ಇನ್ನೊಂದಕ್ಕೆ ತೂಗಾಡ್ತಾ ಇರುತ್ತೆ. ವೋಲ್ಟೇಜ್‌ಗೂ ಮನೆಗಳಿಲ್ಲ, ಅದು ನಿರಂತರ. ಮೆಟ್ಟಿಲು ಮೆಟ್ಟಿಲಾಗಿ ಬರೋ ವೋಲ್ಟೇಜನ್ನ ಸ್ಲೋಪ್ ಜನರೇಟರ್ ಮೂಲಕ ಹಾಯಿಸಿದರೆ ಜಾರು ಬರುತ್ತೆ. ಅದರ ಮೇಲೆ ಇನ್ನೊಂದು ನಿಧಾನದ ಅಲೆ ಕೂಡಿಸಿ, ಆ ಅಲೆಯ ಎತ್ತರವನ್ನೂ ವಿಸಿಎನಲ್ಲಿ ಏರಿಳಿಸಿದರೆ ಕಂಪಿತದ ನೆರಳು ಕಾಣುತ್ತೆ. ನೆರಳೇ, ಗಮಕ ಅಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಗಂಟಲಿಗೆ ಎರಡು ಕೇಬಲ್ ಸಮ ಅಂತ ಹೇಳಿದರೆ ಸಂಗೀತದ ಮೇಷ್ಟ್ರು ಬಾರಿಸ್ತಾರೆ. ಆದರೆ ಆ ಏರಿಳಿತದ ಆಕಾರ ಎಂಥದ್ದು ಅಂತ ಕಿವಿಗೊಟ್ಟು ಕೇಳೋಕೆ ಶುರು ಮಾಡ್ತೀವಲ್ಲ, ಅದು ದೊಡ್ಡ ಲಾಭ. ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿ ಪೆಟ್ಟಿಗೆಗಳನ್ನ ಮನೆಮನೆಗೆ ತಲುಪಿಸಿದ ಬೆಂಗಳೂರಿನ ರಾಡೆಲ್ ಕಂಪನಿ ಕಟ್ಟಿದ ಜಿ. ರಾಜ್ ನಾರಾಯಣ್ ಕೊಳಲು ವಾದಕರೂ ಹೌದು, ಎಂಜಿನಿಯರೂ ಹೌದು. ಎರಡು ಕಿವಿ ಎರಡು ಡಿಪಾರ್ಟ್‌ಮೆಂಟಿಗೆ ಸೇರಬೇಕಾಗಿಲ್ಲ.

ಮೂರನೇ ಆಕ್ಷೇಪ ಇವತ್ತಿನದ್ದು. "ಮಳೆ ಸದ್ದು ಬೇಕು ಅಂತ ಎಐಗೆ ಟೈಪ್ ಮಾಡಿದ್ರೆ ಹತ್ತು ಸೆಕೆಂಡಲ್ಲಿ ಬರುತ್ತೆ, ಇಷ್ಟೆಲ್ಲಾ ಯಾಕೆ?" ಬರುತ್ತೆ, ಚೆನ್ನಾಗಿಯೂ ಬರುತ್ತೆ. ಅರ್ಜೆಂಟ್ ಇದ್ದಾಗ ಬಳಸಿ, ನನ್ನ ಅಭ್ಯಂತರ ಇಲ್ಲ. ಆದರೆ ಹಾಗೆ ಬಂದ ಮಳೆಯನ್ನ ನಾಟಕದ ಮೂರನೇ ದೃಶ್ಯದಲ್ಲಿ ಮಾತು ಶುರುವಾದಾಗ ಸ್ವಲ್ಪ ಹಿಂದೆ ಸರಿಸಿ, ಅಜ್ಜಿ ಅಳೋವಾಗ ಜೋರು ಮಾಡಿ, ಕೊನೆಗೆ ಅದೇ ಮಳೆಯನ್ನ ಬೆಂಕಿ ಸದ್ದಾಗಿ ಬದಲಾಯಿಸಿ ಅಂದರೆ? ಪ್ಯಾಚ್‌ನಲ್ಲಿ ಇದು ಕೈಯಳತೆಯಲ್ಲಿದೆ. ಈ ಕೆಲಸಕ್ಕೆ ಆಸಿಲೇಟರ್ ಜಾಗದಲ್ಲಿ ನಾಯ್ಸ್ ಜನರೇಟರ್ ಇಡಿ, ಲೆಕ್ಕ ಇನ್ನೂ ನಾಲ್ಕೇ. ನಾಯ್ಸ್ ಫಿಲ್ಟರಿಗೆ ಹೋದರೆ ಮಳೆಯ ಹರವು. ಕಟ್‌ಆಫ್‌ಗೆ ನಿಧಾನದ ಸ್ಲೋಪ್ ಕೊಟ್ಟರೆ ಗಾಳಿ. ವಿಸಿಎಗೆ ತುಂಬಾ ಚಿಕ್ಕ ಚಿಕ್ಕ ಸ್ಲೋಪ್‌ಗಳನ್ನ ಅಡ್ಡಾದಿಡ್ಡಿಯಾಗಿ ಕೊಟ್ಟರೆ ಚಿಟಪಟ ಬೆಂಕಿ. ಇವುಗಳ ನಡುವೆ ಮೂರು ನಾಬ್ ದೂರ ಅಷ್ಟೇ, ಮತ್ತೆ ನಟರ ಉಸಿರು ನೋಡಿಕೊಂಡು ಅಲ್ಲೇ ತಿರುಗಿಸಬಹುದು.

ಹಾಗಾಗಿ ಮೂರು ಬೇಡಿಕೆ ಇಟ್ಟು ಮುಗಿಸ್ತೀನಿ. ಒಂದು, ಅನಲಾಗ್ ಲ್ಯಾಬಿನ ಪ್ರತಿ ಬೆಂಚಿಗೂ ಒಂದು ಎಲ್‌ಎಂ 386 ಆಂಪ್ಲಿಫೈಯರ್, ಒಂದು 8 ಓಮ್ ಸ್ಪೀಕರ್. ಖರ್ಚು ನಮ್ಮ ಕ್ಯಾಂಟೀನ್ ಬಿಲ್ಲಿನಷ್ಟೂ ಇಲ್ಲ. ಸಿಆರ್‌ಒ ಇರಲಿ, ಪಕ್ಕದಲ್ಲಿ ಕಿವಿಯೂ ಇರಲಿ. ಎರಡು, ಸೆಮಿಸ್ಟರಿಗೆ ಒಂದೇ ಒಂದು ಲ್ಯಾಬ್ ಅವಧಿ ಮ್ಯಾನುಯಲ್ ಇಲ್ಲದೆ, ಪಕ್ಕದ ಬೆಂಚಿನ ಸರ್ಕ್ಯೂಟಿಗೆ ನಮ್ಮದನ್ನ ಸೇರಿಸೋಕೆ ಬಿಡಿ. ಮೂರನೆಯದು ನಮಗೆ ನಾವೇ ಇಡೋ ಬೇಡಿಕೆ: ಈ ಸಲದ ರಾಜ್ಯೋತ್ಸವದ ನಾಟಕಕ್ಕೆ ಮಳೆ, ಗಾಳಿ, ಗುಡುಗು, ಗಂಟೆ ಯಾವುದನ್ನೂ ಡೌನ್‌ಲೋಡ್ ಮಾಡೋದು ಬೇಡ. ಹೋದ ವರ್ಷ ಕೇಳಿಸಿದ ಗುಡುಗು ಕನಿಷ್ಠ ಮೂರು ಶಾರ್ಟ್ ಫಿಲ್ಮ್‌ಗಳಲ್ಲೂ ಗುಡುಗಿದೆ. ಅದಕ್ಕೂ ಸುಸ್ತಾಗಿರುತ್ತೆ ಪಾಪ.

ನಾಟಕದ ಓದು ಮುಂದಿನ ವಾರ ಶುರುವಾಗುತ್ತೆ. ಆಸಕ್ತಿ ಇರೋರು ಲ್ಯಾಪ್‌ಟಾಪ್, ಹೆಡ್‌ಫೋನ್ ತಗೊಂಡು ಬನ್ನಿ. ಸಂಗೀತ ಗೊತ್ತಿರಬೇಕು ಅಂತೇನಿಲ್ಲ, ಯಾವ ಬ್ರ್ಯಾಂಚ್ ಆದರೂ ನಡೆಯುತ್ತೆ. ಮಾಡ್ಯೂಲ್ ಮಾತ್ರ ನಾಲ್ಕಕ್ಕಿಂತ ಜಾಸ್ತಿ ತರಬೇಡಿ.